ಬಿಗಿಯ ಲೆಕ್ಕ

ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಒಂದು ದೂರದರ್ಶಕ ಇದೆ ಎಂಬುದು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿರಲಿಕ್ಕಿಲ್ಲ. ಹಳೆಯ ವಿದ್ಯಾರ್ಥಿಯೊಬ್ಬರು ತಾವು ಬಳಸಿದ್ದನ್ನೇ ಕಾಲೇಜಿಗೆ ಕೊಟ್ಟಿದ್ದು. 114 ಮಿಲಿಮೀಟರ್ ಅಗಲದ ಕನ್ನಡಿ, ತೆಳು ತಗಡಿನ ಉದ್ದ ಕೊಳವೆ, ಅದನ್ನು ಹಿಡಿಯಲು ಎರಡು ರಿಂಗು, ಬೆನ್ನ ಮೇಲೆ ಗುರಿ ಹುಡುಕಲು ಇನ್ನೊಂದು ಪುಟ್ಟ ದುರ್ಬೀನು. ಮೂರು ವರ್ಷ ಅದು ಕಪಾಟಿನ ಮೇಲೆಯೇ ಇತ್ತು. ಹೊರಗೆ ತಂದಾಗಲೆಲ್ಲ ಒಂದೇ ದೂರು: ಚಂದ್ರ ಹೇಗೋ ಸಿಗುತ್ತಾನೆ, ಬೇರೇನೂ ಸಿಗುವುದಿಲ್ಲ, ಸಿಕ್ಕ ನಕ್ಷತ್ರಕ್ಕೂ ಧೂಮಕೇತುವಿನಂತೆ ಬಾಲ. ಈ ವರ್ಷ ಅದನ್ನು ಹಳೆ ಸಾಮಾನಿನ ಪಟ್ಟಿಗೆ ಸೇರಿಸುವ ಮಾತು ಬಂದಾಗ ಭೌತಶಾಸ್ತ್ರದ ಮೇಡಂ ಒಂದು ವಾರ ಸಮಯ ಕೇಳಿದರು. ನಾನು ನಮ್ಮ ನಾನಾ ಅವರ ಹೆಸರು ಹೇಳಿದೆ.

ನಾನಾ, ಅಂದರೆ ನನ್ನ ಅಮ್ಮಿಯ ತಂದೆ, ಸೈನ್ಯದ ಇ.ಎಂ.ಇ. ವಿಭಾಗದಲ್ಲಿ ಬಂದೂಕು ದುರಸ್ತಿಯ ಕೆಲಸದಲ್ಲಿದ್ದವರು. ನಿವೃತ್ತಿಯಾದ ಮೇಲೆ ಕೊಟ್ಟೂರಿನಲ್ಲಿ ಹೊಲಿಗೆ ಯಂತ್ರ, ನೀರಿನ ಮೋಟಾರು, ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುತ್ತಿದ್ದರು. ಹೋದ ವರ್ಷ ಗ್ಲಾಕೋಮಾದಿಂದ ಬಲಗಣ್ಣಿನ ದೃಷ್ಟಿ ಪೂರ್ತಿ ಹೋಯಿತು. ಅಂದಿನಿಂದ ಅವರ ಸಾಮಾನಿನ ಪೆಟ್ಟಿಗೆ ಮಂಚದ ಕೆಳಗೆ ಸೇರಿತ್ತು. ಮನೆಯವರೂ "ಇನ್ನು ಸಾಕು, ಆರಾಮಾಗಿ ಕೂತ್ಕೊಳ್ಳಿ" ಎನ್ನುತ್ತಿದ್ದರು. ಕಾಲೇಜಿನ ಕೆಲಸ ಎಂದು ಕೇಳಿದಾಗ ಅವರು ಮೊದಲು ಒಪ್ಪಲಿಲ್ಲ. "ದುರ್ಬೀನು ಕೂರಿಸೋದು ಜೀವನಪೂರ್ತಿ ಮಾಡೀನಿ ಬೇಟಿ, ಈಗ ಬ್ಯಾಡ" ಎಂದರು. ಮರುದಿನ ಬೆಳಗಿನ ನಮಾಜು ಮುಗಿಸಿ ಬಂದು ತಾವೇ ಪೆಟ್ಟಿಗೆ ಹೊರಗೆಳೆದರು.

ಬಂದೂಕಿನ ಮೇಲೆ ಸ್ಕೋಪು ಕೂರಿಸುವುದಕ್ಕೂ ನಮ್ಮ ಕೆಲಸಕ್ಕೂ ಏನು ಸಂಬಂಧ ಎಂದು ನನಗೂ ಅನ್ನಿಸಿತ್ತು. ನಾನಾ ವಿವರಿಸಿದರು. ಸ್ಕೋಪಿನ ಕೊಳವೆ ಅಲ್ಯೂಮಿನಿಯಂದು, ಸಾಮಾನ್ಯವಾಗಿ 25.4 ಇಲ್ಲವೇ 30 ಮಿಲಿಮೀಟರ್ ವ್ಯಾಸ. ಅದರೊಳಗೆ ಇನ್ನೊಂದು ಸಣ್ಣ ಕೊಳವೆ ಇರುತ್ತದೆ. ಹೊರಗಿನ ಗುಂಡಿ ತಿರುಗಿಸಿದರೆ ಒಳಗಿನದು ಕೂದಲೆಳೆಯಷ್ಟು ಸರಿದು ಗುರಿ ಬದಲಾಗುತ್ತದೆ. "ಗುಂಡು ಹೊಡೆದಾಗ ಸ್ಕೋಪು ಅಲುಗಬಾರದು ಅಂತ ಹೊಸ ಹುಡುಗ್ರು ಮೈಮೇಲೆ ಬಿದ್ದು ಬಿಗಿ ಮಾಡೋರು. ಹೊರಗಿನ ಕೊಳವೆ ಅದುಮಿದ್ರೆ ಒಳಗಿಂದು ಸಿಕ್ಕಿ ಹಾಕ್ಕೊಳ್ತದ. ಗುಂಡಿ ತಿರುಗಿಸಿದ್ರೂ ಗುರಿ ಸರಿಯೂದಿಲ್ಲ. ಆಮೇಲೆ ಒಂದು ಗುಂಡು ಹೊಡೆದ ಕೂಡ್ಲೇ ತಾನೇ ಸರೀತದ. ಅಂಥ ಬಂದೂಕನ್ನ ಯಾರು ನಂಬ್ತಾರ?" ಎಂದರು.

ಎರಡನೆಯ ತೊಂದರೆ ಇನ್ನೂ ಗುಪ್ತವಾದದ್ದು. ಎರಡು ರಿಂಗುಗಳು ಒಂದೇ ನೇರದಲ್ಲಿ ಇಲ್ಲದಿದ್ದರೆ, ಮೇಲಿನ ಅರ್ಧ ಹಾಕಿ ಬಿಗಿ ಮಾಡಿದಾಗ ಕೊಳವೆಯೇ ಬಾಗಿ ರಿಂಗಿಗೆ ಹೊಂದಿಕೊಳ್ಳುತ್ತದೆ. ಹೊರಗೆ ಎಲ್ಲ ಸರಿಯಾಗಿ ಕೂತಂತೆ ಕಾಣುತ್ತದೆ. ಆದರೆ ಕೊಳವೆ ಒಳಗೊಳಗೇ ಬಿಲ್ಲಿನಂತೆ ಸೆಳೆದುಕೊಂಡಿರುತ್ತದೆ.

ನಮ್ಮ ದೂರದರ್ಶಕಕ್ಕೆ ಆಗಿದ್ದದ್ದು ಇದೇ. ನಾನಾ ಮೊದಲು ಎಲ್ಲ ಸ್ಕ್ರೂ ಸಡಿಲಿಸಿ, ರಿಂಗುಗಳ ಮೇಲಿನ ಅರ್ಧ ತೆಗೆಸಿ, ಕೊಳವೆಯನ್ನು ಕೆಳಗಿನ ಅರ್ಧಗಳಲ್ಲಿ ಸುಮ್ಮನೆ ಮಲಗಿಸಿದರು. ಬೆರಳಿನಿಂದ ತಟ್ಟಿದರೆ ತೊಟ್ಟಿಲಿನಂತೆ ತೂಗಿತು. ಆಮೇಲೆ ನೋಟುಪುಸ್ತಕದ ಹಾಳೆಯ ಸಣ್ಣ ಪಟ್ಟಿಗಳನ್ನು ಕೊಳವೆಯ ಕೆಳಗೆ ತೂರಿಸಿ ಎಳೆಯಲು ನನಗೆ ಹೇಳಿದರು. ಮುಂದಿನ ರಿಂಗಿನಲ್ಲಿ ಪಟ್ಟಿ ಎಲ್ಲ ಕಡೆ ಒಂದೇ ಸಮನೆ ಹಿಡಿಯಿತು. ಹಿಂದಿನದರಲ್ಲಿ ಒಂದು ಅಂಚಿಗೆ ಗಟ್ಟಿ, ಇನ್ನೊಂದು ಅಂಚಿಗೆ ಪೂರ್ತಿ ಸಡಿಲ. ರಿಂಗು ಬಿಚ್ಚಿ ನೋಡಿದರೆ ಅದರ ಬುಡದಲ್ಲಿ ದಪ್ಪನೆ ಬಣ್ಣ ಮತ್ತು ಕಬ್ಬಿಣದ ಒಂದು ಸಣ್ಣ ಮುಳ್ಳು. ಅರದಿಂದ ನಾಲ್ಕು ಸಲ ಉಜ್ಜಿದೆವು. ಇನ್ನೂ ಉಳಿದ ಓರೆಗೆ ತಂಪು ಪಾನೀಯದ ಡಬ್ಬಿಯ ತಗಡು ಕತ್ತರಿಸಿ ಕೆಳಗಿಟ್ಟರು. ಆ ತಗಡು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳು. ಈಗ ತಟ್ಟಿದರೆ ಕೊಳವೆ ಅಲುಗಲಿಲ್ಲ. ಇದೆಲ್ಲ ಮಾಡುವಾಗ ಅವರು ನೋಡಿದ್ದಕ್ಕಿಂತ ಮುಟ್ಟಿದ್ದೇ ಹೆಚ್ಚು.

ಬಿಗಿ ಮಾಡುವ ಸರದಿ ಬಂದಾಗ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಒಂದು ಸ್ಕ್ರೂಗೆ ಅರ್ಧ ಸುತ್ತು, ಆಮೇಲೆ ಎದುರಿನದಕ್ಕೆ ಅರ್ಧ ಸುತ್ತು. ಎರಡೂ ಕಡೆ ರಿಂಗಿನ ಸಂದು ಒಂದೇ ಅಳತೆಯಲ್ಲಿ ಉಳಿಯಬೇಕು. ಕೀಲಿಯನ್ನು ಮುಷ್ಟಿಯಲ್ಲಿ ಹಿಡಿಯದೆ ಎರಡು ಬೆರಳಲ್ಲಿ ಮಾತ್ರ ಹಿಡಿಯಬೇಕು. ಸ್ಕೋಪಿನ ರಿಂಗಿಗೆ ಸುಮಾರು ಎರಡು ನ್ಯೂಟನ್ ಮೀಟರ್ ತಿರುಚುಬಲ ಸಾಕಂತೆ. ತಯಾರಕರು ಬೇರೆ ಹೇಳಿದ್ದರೆ ಅದೇ ಲೆಕ್ಕ. ಪ್ರಥಮ ಪಿಯುಸಿಯಲ್ಲಿ ಓದಿದ್ದನ್ನು ನೆನಪಿಸಿಕೊಳ್ಳಿ: ಹತ್ತು ಸೆಂಟಿಮೀಟರ್ ಉದ್ದದ ಕೀಲಿಯ ತುದಿಗೆ ಎರಡು ಕಿಲೋ ತೂಕ ತೂಗುಹಾಕಿದಷ್ಟು. ಅದೇ ಕೀಲಿಯನ್ನು ಇಡೀ ಕೈಯಿಂದ ಒತ್ತಿದರೆ ಅದರ ಐದಾರು ಪಟ್ಟು ಸುಲಭವಾಗಿ ಬೀಳುತ್ತದೆ. ಸ್ಥಿತಿಸ್ಥಾಪಕ ಮಿತಿ ದಾಟಿದ ಲೋಹ ಸಡಿಲಿಸಿದರೂ ಹಿಂದಿನ ಆಕಾರಕ್ಕೆ ಮರಳುವುದಿಲ್ಲ ಎಂದು ಪರೀಕ್ಷೆಗಾಗಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ನಮ್ಮ ಕೊಳವೆ ಆ ಮಿತಿ ದಾಟಿರಲಿಲ್ಲ. ಅದು ನಮ್ಮ ಪುಣ್ಯ.

ಚಹಾ ಕುಡಿಯುವಾಗ ಮೇಡಂ ಒಂದು ಹಳೆಯ ಸಂಗತಿ ಹೇಳಿದರು. 1800ರಲ್ಲಿ ಬೆಂಗಳೂರಿನ ಹತ್ತಿರ ಆಧಾರರೇಖೆ ಅಳೆದು ದಕ್ಷಿಣ ಭಾರತದ ಸರ್ವೆಗೆ ಕೈಹಾಕಿದ ವಿಲಿಯಂ ಲ್ಯಾಂಬ್ಟನ್ ಬಳಿ ಸುಮಾರು ಅರ್ಧ ಟನ್ ತೂಕದ ಥಿಯೋಡೊಲೈಟ್ ಇತ್ತು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗ ಕಡಿದು ಉಪಕರಣ ಗೋಡೆಗೆ ಬಡಿಯಿತು, ಅಳತೆಯ ಚಕ್ರ ಸೊಟ್ಟಗಾಯಿತು. ಲ್ಯಾಂಬ್ಟನ್ ಆರು ವಾರ ಕೂತು ಅದನ್ನು ಬಿಚ್ಚಿ, ಸ್ವಲ್ಪ ಸ್ವಲ್ಪವಾಗಿ ಮೊದಲಿನ ಆಕಾರಕ್ಕೆ ತಂದರು. ನಾನಾ ಗಮನವಿಟ್ಟು ಕೇಳಿ, "ಆರು ವಾರ ಸರಿ ಅದ. ಅವಸರ ಮಾಡಿದ್ರ ಮುರೀತಿತ್ತು" ಎಂದಷ್ಟೇ ಹೇಳಿದರು.

ಕೊಳವೆ ನೆಟ್ಟಗಾದ ಮೇಲೆ ಮೇಡಂ ಕನ್ನಡಿಯ ಸ್ಕ್ರೂ ಹೊಂದಿಸಿದರು. ಉಳಿದದ್ದು ದೊಡ್ಡದು ಮತ್ತು ಪುಟ್ಟದು ಎರಡೂ ಒಂದೇ ಕಡೆ ನೋಡುವಂತೆ ಮಾಡುವುದು. ಇದನ್ನು ಹಗಲಲ್ಲೇ ಮಾಡಬೇಕು. ಊರಾಚೆಯ ಮೊಬೈಲ್ ಟವರಿನ ತುದಿಯನ್ನು ದೊಡ್ಡದರಲ್ಲಿ ನಡುಮಧ್ಯಕ್ಕೆ ತಂದು ಅಲ್ಲೇ ನಿಲ್ಲಿಸಿದೆವು. ಆಮೇಲೆ ಪುಟ್ಟದರ ಸುತ್ತಲಿನ ಸ್ಕ್ರೂಗಳಲ್ಲಿ ಒಂದನ್ನು ಸಡಿಲಿಸಿದಷ್ಟೇ ಇನ್ನೊಂದನ್ನು ಬಿಗಿ ಮಾಡುತ್ತ, ಅದೇ ತುದಿಯನ್ನು ಅದರ ಅಡ್ಡಗೆರೆಗಳು ಕೂಡುವ ಜಾಗಕ್ಕೆ ತಂದೆವು. ಬಂದೂಕಿನಲ್ಲೂ ಹೀಗೆಯೇ: ನಳಿಗೆಯ ಒಳಗಿನಿಂದ ದೂರದ ಗುರುತು ನೋಡಿ, ಬಂದೂಕು ಅಲುಗದಂತೆ ಸ್ಕೋಪಿನ ಗೆರೆಯನ್ನು ಅಲ್ಲಿಗೆ ತರುತ್ತಾರೆ.

ಅಂದು ಇಶಾ ನಮಾಜಿನ ನಂತರ ಕಾಲೇಜಿನ ಮಾಳಿಗೆಯ ಮೇಲೆ ನಾವು ಹನ್ನೊಂದು ಜನ ಸೇರಿದ್ದೆವು. ಪುಟ್ಟದರ ನಡುವೆ ಗುರು ಗ್ರಹವನ್ನು ಇಟ್ಟು ದೊಡ್ಡದರಲ್ಲಿ ನೋಡಿದರೆ ಅದು ಅಲ್ಲೇ ಇತ್ತು. ಬಾಲವಿಲ್ಲ. ಒಂದು ಕಡೆ ಮೂರು, ಇನ್ನೊಂದು ಕಡೆ ಒಂದು ಚುಕ್ಕಿ: 1610ರಲ್ಲಿ ಗೆಲಿಲಿಯೋ ಕಂಡ ಅದೇ ನಾಲ್ಕು ಉಪಗ್ರಹಗಳು. ನಾನಾ ಎಡಗಣ್ಣಿನಿಂದ ಬಹಳ ಹೊತ್ತು ನೋಡಿದರು. ಕೆಳಗೆ ಇಳಿಯುವಾಗ ನನ್ನ ಭುಜ ಹಿಡಿದು ಮೆಲ್ಲಗೆ ಹೇಳಿದರು: "ಎಷ್ಟು ದುರ್ಬೀನು ಕೂರಿಸೀನೋ ಲೆಕ್ಕ ಇಲ್ಲ. ಎಲ್ಲಾದರ ಎದುರಿಗೂ ಯಾರೋ ಒಬ್ಬ ಮನುಷ್ಯ ನಿಂತಾನ ಅಂತ ಅನ್ನಿಸ್ತಿತ್ತು. ಇದರ ಎದುರಿಗೆ ಯಾರೂ ಇಲ್ಲ." ಸೈನ್ಯದ ಬಗ್ಗೆ ಅವರು ಮನೆಯಲ್ಲಿ ಅಷ್ಟು ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

ದೂರದರ್ಶಕ ಈಗ ಪಟ್ಟಿಯಿಂದ ಹೊರಬಂದಿದೆ. ಮೋಡವಿಲ್ಲದ ಶನಿವಾರ ಸಂಜೆಗಳಲ್ಲಿ ಮೇಡಂ ಅದನ್ನು ಮಾಳಿಗೆಗೆ ತರುತ್ತಾರೆ. ಕಲಾ ಮತ್ತು ವಾಣಿಜ್ಯ ವಿಭಾಗದವರೂ ಬರಬಹುದು. ಎರಡು ಮಾತು ನೆನಪಿರಲಿ. ಹಗಲಲ್ಲಿ ಅದನ್ನು ಸೂರ್ಯನ ಕಡೆ ತಿರುಗಿಸಲೇಬೇಡಿ, ಕಣ್ಣು ಕ್ಷಣದಲ್ಲಿ ಹೋಗುತ್ತದೆ. ಮತ್ತು ಸ್ಕ್ರೂ ಸಡಿಲ ಅನ್ನಿಸಿದರೆ ನೀವೇ ಬಿಗಿ ಮಾಡದೆ ನಮಗೆ ತಿಳಿಸಿ. ನಾನಾ ಅವರ ಪೆಟ್ಟಿಗೆ ಈಗ ಮಂಚದ ಕೆಳಗಿಲ್ಲ, ಬಾಗಿಲ ಹತ್ತಿರವೇ ಇದೆ.