ಆಲ್ಬನಿಯ ಶಾನುಭೋಗ

ಆನ್‌ಸೈಟ್ ಅಂತ ನನ್ನನ್ನು ಕಳಿಸಿದ್ದು ಆಲ್ಬನಿಗೆ. ನ್ಯೂಯಾರ್ಕ್ ರಾಜ್ಯದ ರಾಜಧಾನಿ, ಹಡ್ಸನ್ ನದಿಯ ದಂಡೆ, ಸಿಕ್ಕಾಪಟ್ಟೆ ಚಳಿ. ಸುತ್ತಮುತ್ತ ನಾರ್ಮನ್ಸ್‌ಕಿಲ್, ಕ್ಯಾಟ್ಸ್‌ಕಿಲ್, ಫಿಶ್‌ಕಿಲ್ ಅಂತ ಹೆಸರುಗಳು. ಕೊಲೆಗೂ ಇದಕ್ಕೂ ಸಂಬಂಧ ಇಲ್ಲ, ಡಚ್ಚರ ಬಾಯಲ್ಲಿ ಕಿಲ್ ಅಂದ್ರೆ ಹಳ್ಳ. ಇಷ್ಟೊಂದು ಡಚ್ ಹೆಸರುಗಳ ನಡುವೆ ಒಂದು ರಸ್ತೆಗೂ ರೈಲು ಸೇತುವೆಗೂ ಮಾತ್ರ ಲಿವಿಂಗ್‌ಸ್ಟನ್ ಅನ್ನೋ ಸ್ಕಾಟಿಷ್ ಹೆಸರು. ಇವರು ಇಲ್ಲಿಗೆ ಹೇಗೆ ಬಂದರು ಅಂತ ಹುಡುಕ್ತಾ ನನ್ನ ಎಷ್ಟೋ ವೀಕೆಂಡ್‌ಗಳು ಖರ್ಚಾದವು.

ಜಾನ್ ಲಿವಿಂಗ್‌ಸ್ಟನ್ ಸ್ಕಾಟ್ಲೆಂಡಿನ ಆಂಕ್ರಮ್ ಊರಿನ ಪಾದ್ರಿ. ದೊರೆ ಎರಡನೇ ಚಾರ್ಲ್ಸ್‌ಗೆ ನಿಷ್ಠೆಯ ಪ್ರಮಾಣ ಮಾಡಲ್ಲ ಅಂದ, ಗಡೀಪಾರಾದ. 1663ರಲ್ಲಿ ಸಂಸಾರ ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ. 1654ರಲ್ಲಿ ಹುಟ್ಟಿದ್ದ ಕಿರಿಮಗ ರಾಬರ್ಟ್ ಅಲ್ಲೇ ಬೆಳೆದು ಡಚ್ ಕಲಿತ. ಅಪ್ಪ ತೀರಿಕೊಂಡ ಮೇಲೆ 1673ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ, ಮರುವರ್ಷ ಆಲ್ಬನಿಗೆ.

ಇದು ಡಚ್ಚರು ಕಟ್ಟಿದ ಊರು. ಮೊದಲ ಹೆಸರು ಬೆವರ್‌ವೈಕ್, ಬೀವರ್ ತೊಗಲಿನ ವ್ಯಾಪಾರದ ಜಾಗ. 1674ರ ಒಪ್ಪಂದದಲ್ಲಿ ಇಡೀ ವಸಾಹತು ಇಂಗ್ಲಿಷರ ಪಾಲಾಗಿತ್ತು. ಅಧಿಕಾರ ಇಂಗ್ಲಿಷರದು, ಬೀದಿಯ ಮಾತು ಡಚ್ಚು. ಎರಡೂ ಬರೋ ಇಪ್ಪತ್ತರ ಹುಡುಗ ಸಿಕ್ಕರೆ ಬಿಡ್ತಾರಾ? 1675ರಲ್ಲೇ ಊರಿನ ಗುಮಾಸ್ತನಾದ. ನನ್ನ ಲೆಕ್ಕದಲ್ಲಿ ಶಾನುಭೋಗ. ಮೋಹಾಕರ ಜತೆ ಮಾತುಕತೆ ನಡೆದಾಗ ದುಭಾಷಿಗಳು ಅವರ ಮಾತನ್ನು ಡಚ್ಚಿಗೆ ತಂದರೆ, ಇವನು ಅದನ್ನು ಇಂಗ್ಲಿಷಿನಲ್ಲಿ ಬರೆದಿಡ್ತಿದ್ದ. ನಮ್ಮ ಮನೆಯಲ್ಲೂ ಇದೇ ಕೆಲಸ ನಡೀತಿದೆ: ಅಮ್ಮನ ವಾಯ್ಸ್ ಮೆಸೇಜಿಗೆ ಮಗಳು ಇಂಗ್ಲಿಷಲ್ಲಿ ಉತ್ತರ ಹೇಳ್ತಾಳೆ, ನಾನು ಕನ್ನಡ ಮಾಡಿ ಕಳಿಸ್ತೀನಿ.

1679ರಲ್ಲಿ ಅವನು ಡಚ್ ಮನೆತನದ ವಿಧವೆ ಅಲಿಡಾ ಸ್ಕೈಲರ್‌ಳನ್ನು ಮದುವೆಯಾದ. ನನಗೆ ಇವನಿಗಿಂತ ಇವಳೇ ಇಷ್ಟ. ಗಂಡ ಊರೂರು ಸುತ್ತುವಾಗ ಜಮೀನು, ಅಂಗಡಿ, ಹಿಟ್ಟಿನ ವ್ಯಾಪಾರ ಎಲ್ಲ ನೋಡಿಕೊಂಡು ಲೆಕ್ಕ ಬರೀತಿದ್ದಳು, ಡಚ್ಚಲ್ಲೇ. ಅವನ ಉತ್ತರವೂ ಡಚ್ಚಲ್ಲೇ.

ಜಮೀನಿನ ಕತೆ ಮಾತ್ರ ನಮ್ಮ ತಾಲ್ಲೂಕಿನಲ್ಲಿ ನಡೆದಂತಿದೆ. ಮೂಲನಿವಾಸಿಗಳಿಂದ ರಾಬರ್ಟ್ ಕೊಂಡದ್ದು ಸುಮಾರು 2,600 ಎಕರೆ, ಅದೂ ಎರಡು ತುಂಡು, ಒಂದು ಹೊಳೆ ಬದಿ, ಇನ್ನೊಂದು ದೂರ ಒಳಗೆ. 1686ರಲ್ಲಿ ಗವರ್ನರ್ ಡೊಂಗನ್ ಕೊಟ್ಟ ಪಟ್ಟಾದಲ್ಲಿ ಎರಡೂ ಅಕ್ಕಪಕ್ಕದ ಜಮೀನಾದವು. ನಡುವಿನದೆಲ್ಲ ಸೇರಿ 1,60,000 ಎಕರೆ! ಚೆಕ್ಕುಬಂದಿ ಬರೆಯೋ ಕೈಗೆ ಎಷ್ಟು ಬಲ ಇರುತ್ತೆ ಅಂತ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿದ್ದ ಮಹಿಕನ್ನರ ವಂಶದವರ ನೆಲೆ ಈಗ ದೂರದ ವಿಸ್ಕಾನ್ಸಿನ್. ಇವನ ಮೊಮ್ಮಗ ಫಿಲಿಪ್ 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ.

ನಮ್ಮಜ್ಜ ಗೇಣಿದಾರ. 1974ರ ಭೂಸುಧಾರಣೆ ಬಂದ ಮೇಲೆ ಅರ್ಜಿ ಹಾಕಿ, ಅಲೆದು, ಎರಡು ಎಕರೆ ತಮ್ಮ ಹೆಸರಿಗೆ ಮಾಡಿಸಿಕೊಂಡವರು. ಹಾಗಾಗಿ ಇದನ್ನೆಲ್ಲ ಫೋನಲ್ಲಿ ಹೇಳಿದರೆ ಅಮ್ಮನಿಗೆ ಸಹಿ ಹಾಕಿದ ಮೊಮ್ಮಗ ಮುಖ್ಯ ಅನ್ನಿಸಲೇ ಇಲ್ಲ.

"ಅಷ್ಟು ಜಮೀನಲ್ಲಿ ಏನ್ ಬೆಳೀತಿದ್ರಂತೆ?"

"ಗೋಧಿ."

"ಗೇಯೋರು ಯಾರು?"

"ಗೇಣಿದಾರರು. ಆಫ್ರಿಕಾದಿಂದ ತಂದ ಗುಲಾಮರೂ ಇದ್ದರು. 1839ರಿಂದ ಆ ಸೀಮೆಯ ಗೇಣಿದಾರರು ಗೇಣಿ ಕೊಡಲ್ಲ ಅಂತ ಎದ್ದುಬಿಟ್ರು."

"ಮತ್ತೆ? ಸಿಕ್ತಾ ಹೊಲ?"

"ಕೆಲವರಿಗೆ ಸಿಕ್ತು."

"ಗುಲಾಮರಿಗೆ?" ಅಂದರು ಅಮ್ಮ.