ಡೀಸೆಲ್ ಫಿಲ್ಟರಿನ ಜಾಗ

ಜಾಗ ಬದಲಾವಣೆ ಎಂದರೆ ಕಾಸರಗೋಡಿನ ಕನ್ನಡಿಗರಾದ ನಮಗೆ 1956ರ ನವೆಂಬರ್ 1 ನೆನಪಾಗುತ್ತದೆ. ಅಂದು ನಮ್ಮ ಹಿರಿಯರು ಇದ್ದಲ್ಲೇ ಇದ್ದರು. ಗಡಿಯೇ ಬಂದು ಅವರ ಬಡಗು ಬದಿಯಲ್ಲಿ ಕುಳಿತುಕೊಂಡಿತು. ನಾನು ಹೇಳಹೊರಟಿರುವುದು ಅಷ್ಟು ದೊಡ್ಡ ಸಂಗತಿಯಲ್ಲ. ಅಣ್ಣನ ಹಳೆಯ ಟ್ರಾಕ್ಟರಿನ ಡೀಸೆಲ್ ಫಿಲ್ಟರು ಎರಡಡಿ ಆಚೀಚೆ ಹೋದ ಕತೆ. ಅದರಲ್ಲಿ ನನ್ನದೊಂದು ತಪ್ಪಿದೆ. ಹೇಳಿಬಿಟ್ಟರೆ ಮನಸ್ಸು ಹಗುರಾದೀತೆಂದು ಬರೆಯುತ್ತಿದ್ದೇನೆ.

ಆ ಟ್ರಾಕ್ಟರಿಗೆ ಎರಡು ಫಿಲ್ಟರುಗಳು. ಟ್ಯಾಂಕಿನಿಂದ ಹೊರಟ ಡೀಸೆಲ್ ಮೊದಲನೆಯದರಲ್ಲಿ ಸೋಸಿ ಫೀಡ್ ಪಂಪಿಗೆ ಬರುತ್ತದೆ. ಅದು ಎರಡನೆಯದಕ್ಕೆ ತಳ್ಳುತ್ತದೆ. ಅಲ್ಲಿಂದ ದೊಡ್ಡ ಪಂಪಿಗೆ, ಆಮೇಲೆ ಇಂಜೆಕ್ಟರಿಗೆ. ನೀರು ಡೀಸೆಲಿಗಿಂತ ಭಾರ. ಹಾಗಾಗಿ ಡೀಸೆಲಿನಲ್ಲಿ ಸೇರಿದ ನೀರು ಮೊದಲ ಫಿಲ್ಟರಿನ ತಳದ ಬಟ್ಟಲಿನಲ್ಲಿ ನಿಲ್ಲುತ್ತದೆ. ತಳದ ತಿರುಪು ಸಡಿಲಿಸಿ ಅದನ್ನು ಆಗಾಗ ಹೊರಗೆ ಬಿಡಬೇಕು. ಆದರೆ ಈ ಗಾಡಿಯಲ್ಲಿ ಫಿಲ್ಟರು ಬ್ಯಾಟರಿಯ ಹಿಂದೆ ಅಡಗಿ ಕುಳಿತಿತ್ತು. ತಿರುಪಿಗೆ ಕೈ ಹೋಗಬೇಕಾದರೆ ಬ್ಯಾಟರಿಯನ್ನೇ ಬಿಚ್ಚಬೇಕು. ಸೊಂಟ ನೋವಿನ ಅಣ್ಣ ಎರಡು ತಿಂಗಳಿಗೊಮ್ಮೆ ಬಿಚ್ಚಿದರೆ ಹೆಚ್ಚು.

ಪತ್ತನಾಜೆ ಕಳೆದು ನಾಲ್ಕನೆಯ ದಿನ. ಮೊದಲ ಮಳೆ ಬಿದ್ದಿತ್ತು. ಹಟ್ಟಿಗೊಬ್ಬರ ತುಂಬಿಸಿಕೊಂಡು ಗುಡ್ಡೆಯ ಏರು ಹತ್ತುತ್ತಿದ್ದಾಗ ಇಂಜಿನು ಎರಡು ಸಲ ಕೆಮ್ಮಿ ನಿಂತಿತು. ಅಣ್ಣ ಬ್ರೇಕು ಒತ್ತಿದ. ಟ್ರೈಲರಿಗೆ ಅದರದೇ ಆದ ಬ್ರೇಕು ಇಲ್ಲ. ಒದ್ದೆ ಮಣ್ಣಿನಲ್ಲಿ ಹಿಂದಕ್ಕೆ ಎಳೆಯತೊಡಗಿತು. ಹತ್ತಡಿ ಜಾರಿ ದರೆಗೆ ಆನಿಕೊಂಡು ನಿಂತಿತು. ಇನ್ನೊಂದು ಬದಿಯಲ್ಲಿ ತೋಡು. ಅಣ್ಣ ಮನೆಗೆ ಬಂದು ನೀರು ಕುಡಿದು ಬಹಳ ಹೊತ್ತು ಏನೂ ಮಾತಾಡಲಿಲ್ಲವಂತೆ.

ಮೆಕ್ಯಾನಿಕ್ ಬಂದ. ಅವನು ಮಲಯಾಳಿ, ಅವನ ಮಲಯಾಳಕ್ಕೆ ಅಣ್ಣನ ಉತ್ತರ ತುಳುವಿನಲ್ಲಿ. ಇಪ್ಪತ್ತು ವರ್ಷಗಳಿಂದ ಇಬ್ಬರಿಗೂ ತೊಂದರೆಯಾಗಿಲ್ಲ. ಬಟ್ಟಲು ಬಿಚ್ಚಿ “ನಿರಚ್ಚುಂ ವೆಳ್ಳಂ” ಎಂದ. ಜಗಲಿಯಲ್ಲಿದ್ದ ಅಮ್ಮ ಗಾಬರಿಯಾಗಿ, “ಎಲ್ಲಿ ಬೊಳ್ಳ ಬಂತು?” ಎಂದು ಕೇಳಿದರು. ಅವನ ವೆಳ್ಳಂ ಬರೀ ನೀರು. ನಮ್ಮ ತುಳುವಿನ ಬೊಳ್ಳ ಎಂದರೆ ನೆರೆ. ಎಲ್ಲರೂ ನಕ್ಕೆವು. ಅರ್ಧ ಖಾಲಿಯಿರುವ ಟ್ಯಾಂಕಿನಲ್ಲಿ ತೇವದ ಗಾಳಿ ತುಂಬಿಕೊಳ್ಳುತ್ತದೆ, ರಾತ್ರಿ ತಣಿದಾಗ ಅದು ಹನಿಯಾಗುತ್ತದೆ, ಆದ್ದರಿಂದ ಸಂಜೆಯೇ ಟ್ಯಾಂಕ್ ತುಂಬಿಸಿಡಬೇಕು ಎಂದ. ಫಿಲ್ಟರನ್ನು ಕೈಗೆ ಸಿಗುವಲ್ಲಿಗೆ ತರಬೇಕೆಂದೂ ಹೇಳಿದ. ಆದರೆ ಉಳುಮೆಯ ಕಾಲ, ಹದಿನೈದು ದಿನ ಬಿಡುವಿಲ್ಲ.

“ಅದಕ್ಕೆಂತ ಮೆಕ್ಯಾನಿಕ್? ಭಾನುವಾರ ನಾನು ಬರುತ್ತೇನೆ” ಎಂದೆ. ವಾರವಿಡೀ ಬ್ಯಾಂಕಿನ ಕೌಂಟರಿನಲ್ಲಿ ಕೂರುವವನಿಗೆ ಸ್ಪ್ಯಾನರು ಹಿಡಿಯುವ ಆಸೆ. ಬಗ್ಗುವ ಕಷ್ಟವೇ ಬೇಡವೆಂದು, ಬಾನೆಟ್ಟಿನ ಪಕ್ಕ ಎದೆಯ ಎತ್ತರದಲ್ಲಿ ಪಟ್ಟಿ ಕೂರಿಸಿ ಫಿಲ್ಟರು ಬಿಗಿದೆ. “ಟ್ಯಾಂಕಿಗಿಂತ ಮೇಲಾಯಿತಾ ಅಂತ, ತಮ್ಮಾ?” ಎಂದು ಅಣ್ಣ ಮೆಲ್ಲಗೆ ಕೇಳಿದ. “ಟ್ಯಾಂಕಿನ ಅರ್ಧಕ್ಕೆ ಬರುತ್ತದೆ. ಪಂಪು ಉಂಟಲ್ಲ, ಎಳೆಯುತ್ತದೆ” ಎಂದೆ. ತಾಮ್ರದ ವಾಷರುಗಳನ್ನೂ ಹಳೆಯವನ್ನೇ ಹಾಕಿದೆ. ಗಾಳಿ ತೆಗೆದು ಸ್ಟಾರ್ಟ್ ಮಾಡಿದರೆ ಚೆನ್ನಾಗಿ ಓಡಿತು. ಅತ್ತಿಗೆ ಕೊಟ್ಟ ಕಾಫಿ ಅಂದು ಹೆಚ್ಚು ರುಚಿಯೆನಿಸಿತು.

ಮೂರನೆಯ ದಿನ ಅಣ್ಣನ ಮಗ ಏಣೆಲಿನ ಗದ್ದೆ ಉಳುತ್ತಿದ್ದಾಗ ಕೆಸರಿನ ನಡುವೆ ಇಂಜಿನು ನಿಂತಿತು. ಗಾಳಿ ತೆಗೆದರೆ ಓಡುತ್ತದೆ, ಹತ್ತು ನಿಮಿಷದಲ್ಲಿ ಮತ್ತೆ ನಿಲ್ಲುತ್ತದೆ. ಹೊರಗೆ ಒಂದು ಹನಿ ಸೋರುವುದೂ ಕಾಣದು.

ಮೆಕ್ಯಾನಿಕ್ ಬಂದು ನೋಡಿದ ಕೂಡಲೇ, “ಬ್ಯಾಂಕ್ ಸಾರಿಂಡೆ ಪಣಿಯಾಣ್, ಅಲ್ಲೇ?” ಎಂದು ನಕ್ಕ. ಟ್ಯಾಂಕ್ ತುಂಬಿರುವಾಗ ಡೀಸೆಲಿನ ಮಟ್ಟ ಫಿಲ್ಟರಿಗಿಂತ ಮೇಲಿರುತ್ತದೆ. ಅದು ತಾನಾಗಿ ಇಳಿಯುತ್ತದೆ. ಅರ್ಧಕ್ಕಿಂತ ಕೆಳಗಿಳಿದರೆ ಪಂಪು ಎಳೆಯಬೇಕು. ಎಳೆಯುವಾಗ, ಹಳೆಯ ವಾಷರಿನ ಸಂದಿನಲ್ಲಿ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. “ಮೇಲೆ ವೆಚ್ಚಾಲ್ ಕಾಟ್ಟ್ ಕಯರುಂ” ಎಂದು ಒಂದೇ ಮಾತಿನಲ್ಲಿ ಮುಗಿಸಿದ.

ಟ್ಯಾಂಕಿನ ತಳಕ್ಕಿಂತ ಕೆಳಗೆ, ಬಿಸಿಯಾಗುವ ಸೈಲೆನ್ಸರಿಗೆ ದೂರವಾಗಿ, ದಪ್ಪ ಪಟ್ಟಿಯಲ್ಲಿ ಫಿಲ್ಟರು ಕೂರಿಸಿದ. ಮೈಮೇಲಿನ ಬಾಣದ ಗುರುತು ಪಂಪಿನ ಕಡೆಗಿದೆಯೇ ಎಂದು ನೋಡಿಕೊಂಡ. ಹೊಸ ವಾಷರು, ಡೀಸೆಲಿಗೆ ತಡೆಯುವ ಹೊಸ ಹೋಸು. ಎಲ್ಲಿಯೂ ಮೇಲಕ್ಕೆ ಬಾಗದಂತೆ, ಯಾವುದಕ್ಕೂ ಉಜ್ಜದಂತೆ ಕ್ಲಿಪ್ಪು. ಆಮೇಲೆ ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ಫೀಡ್ ಪಂಪಿನ ಕೈಯನ್ನು ಒತ್ತುತ್ತಾ ಹೋದ. ಮೊದಲು ನೊರೆ, ಮತ್ತೆ ಗುಳ್ಳೆ, ಕೊನೆಗೆ ತಿಳಿ ಡೀಸೆಲ್. ಅದನ್ನು ಬಿಗಿದು ದೊಡ್ಡ ಪಂಪಿನ ತಿರುಪಿಗೂ ಹಾಗೆಯೇ ಮಾಡಿದ. ಇಂಜೆಕ್ಟರಿನ ನಟ್ಟು ಸಡಿಲಿಸಿದಾಗ ಹುಡುಗ ಅಲ್ಲಿಗೆ ಬೆರಳು ಒಯ್ದ. ಮೆಕ್ಯಾನಿಕ್ ಅವನ ಕೈಗೆ ಫಟ್ಟೆಂದು ಹೊಡೆದ. ಅಲ್ಲಿ ಚದರ ಸೆಂಟಿಮೀಟರಿಗೆ 150 ಕಿಲೋಗಿಂತ ಹೆಚ್ಚಿನ ಒತ್ತಡವಿರಬಹುದು. ಸಣ್ಣ ಸೂಜಿಯಂತೆ ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಹೊಕ್ಕರೆ ಕೈಯನ್ನೇ ಕಳೆದುಕೊಳ್ಳಬೇಕಾದೀತು. ಮೇಲೆ ಕಾಣುವುದು ಮಾತ್ರ ಸಣ್ಣ ಚುಕ್ಕೆ.

ರಾತ್ರಿ ಊಟಕ್ಕೆ ಕುಳಿತಾಗ ಅಣ್ಣ, “ಗದ್ದೆಯಲ್ಲಿ ನಿಂತದ್ದಲ್ಲವಾ, ಬಿಡು ಮಾರಾಯ” ಎಂದ. ಏರಿನಲ್ಲಿ ನಿಲ್ಲುತ್ತಿದ್ದರೆ ಎಂಬ ಮಾತನ್ನು ಅವನು ಆಡಲಿಲ್ಲ. ಆ ದಿನ ಸ್ಟೇರಿಂಗು ಹಿಡಿದಿದ್ದವನು ಅವನ ಮಗ. ಅಣ್ಣ ಕೇಳಿದ ಆ ಒಂದು ಪ್ರಶ್ನೆಯನ್ನು ನಾನು ಕಿವಿಗೆ ಹಾಕಿಕೊಂಡಿದ್ದರೆ ಸಾಕಿತ್ತು.

ಈಗ ಭಾನುವಾರ ಊರಿಗೆ ಹೋದರೆ ಮೊದಲು ಟ್ರಾಕ್ಟರಿನ ಬಳಿ ಕುಕ್ಕರುಗಾಲಿನಲ್ಲಿ ಕುಳಿತು ತಳದ ತಿರುಪು ಸಡಿಲಿಸುತ್ತೇನೆ. ಗಾಜಿನ ಲೋಟದಲ್ಲಿ ಹಿಡಿದು ನೋಡಿ, ನೀರಿಲ್ಲವೆಂದಾದ ಮೇಲೆ ಬಿಗಿದು, ಕೈ ತೊಳೆದು ಒಳಗೆ ಹೋಗುತ್ತೇನೆ. ಸ್ವಲ್ಪ ಬಗ್ಗಬೇಕಾಗುತ್ತದೆ, ಅಷ್ಟೆ.