ಅವ್ವನ ಹಂದಿ, ತಂಗಿಯ ಪಿಟ್ಸು

ಇದನ್ನ ಬರೀಬೇಕೋ ಬೇಡ್ವೋ ಅಂತ ಎರಡು ವರ್ಷದಿಂದ ಒದ್ದಾಡ್ತಿದ್ದೆ. ಬರೆದರೆ, ನಮ್ಮ ತಟ್ಟೆ ಮೇಲೆ ಕಣ್ಣಿಟ್ಟು ಕೂತಿರೋರ ಕೈಗೆ ಇನ್ನೊಂದು ಕಲ್ಲು ಕೊಟ್ಟಂಗೆ. ಬರೆಯದಿದ್ದರೆ ನಮ್ಮ ಕೇರಿ ಮಕ್ಕಳು ಪಿಟ್ಸು ಬಂದು ಬೀಳ್ತಾನೇ ಇರ್ತಾರೆ. ಹೋದ ವಾರ ಪಕ್ಕದೂರಲ್ಲಿ ಹತ್ತು ವರ್ಷದ ಹುಡುಗನಿಗೆ ದೆವ್ವ ಬಿಡಿಸ್ತೀವಿ ಅಂತ ಬೇವಿನ ಸೊಪ್ಪಲ್ಲಿ ಹೊಡೀತಿದ್ದದ್ದು ನೋಡಿ ಬಂದೆ. ಇನ್ನು ಸುಮ್ಮನಿರೋದು ತಪ್ಪು ಅನ್ನಿಸ್ತು.

1996. ನಾನು ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದ್ತಿದ್ದೆ. ಅವ್ವ ನಾಲ್ಕು ಹಂದಿ ಸಾಕಿದ್ದಳು. ನನ್ನ ಟ್ರಂಕು, ಪುಸ್ತಕ, ತಂಗಿಯ ಯೂನಿಫಾರಂ, ಎಲ್ಲಾ ಆ ಹಂದಿ ದುಡ್ಡು. ಅವಕ್ಕೆ ಅಂತ ಮೇವು ಎಲ್ಲಿತ್ತು? ಬೆಳಗ್ಗೆ ಬಿಟ್ಟರೆ ಸುತ್ತಾಡಿ ತಿಂದು ಸಂಜೆ ಬರೋವು. ಊರಿನವರೆಲ್ಲ ಚೊಂಬು ಹಿಡ್ಕೊಂಡು ಹೋಗ್ತಿದ್ದದ್ದು ಕೆರೆ ಏರಿ ಹಿಂದಕ್ಕೆ. ನಮ್ಮ ಹಟ್ಟಿ ಇದ್ದದ್ದೂ ಕೆರೆ ಏರಿ ಹಿಂದೆಯೇ. ಊರಿನ ಹೇಲು ನಮ್ಮ ಮನೆ ಹಿತ್ತಲಲ್ಲಿ, ಅದನ್ನ ತಿಂದ ಹಂದಿ ನಮ್ಮದು, ಗಲೀಜು ಅನ್ನೋ ಹೆಸರೂ ನಮ್ಮದೇ.

ತಂಗಿಗೆ ಆಗ 13. ಶಾಲೆಯ ಪ್ರಾರ್ಥನೆ ಹೊತ್ತಲ್ಲಿ ಬಿದ್ದಳು. ಯಾರೋ ಕೈಗೆ ಬೀಗದ ಕೈ ಕೊಟ್ಟರು, ಯಾರೋ ಚಪ್ಪಲಿ ಮೂಸಿಸಿದರು. ಮಾರನೇ ದಿನದಿಂದ ಪಕ್ಕದಲ್ಲಿ ಕೂರೋಕೆ ಯಾರೂ ಇಲ್ಲ. ಅವ್ವ ಗುಡಿ ಸುತ್ತಿಸಿದಳು, ತಾಯತ ಕಟ್ಟಿಸಿದಳು. ಆಮೇಲೆ ಆಸ್ಪತ್ರೆ. ಅಲ್ಲಿನ ಡಾಕ್ಟರು ಮುಖ ನೋಡದೆ ಕೇಳಿದ ಮೊದಲ ಮಾತು: "ಹಂದಿ ತಿಂತೀರಾ?" ಅವ್ವ ತಲೆ ತಗ್ಗಿಸಿ ಹೂಂ ಅಂದಳು. "ಅದನ್ನ ಬಿಡಿ, ಎಲ್ಲಾ ಸರಿಹೋಗುತ್ತೆ" ಅಂತ ಮಾತ್ರೆ ಬರೆದುಕೊಟ್ಟರು.

ನಾನು ರಜೆಗೆ ಬಂದವನು ಅವ್ವನ ಮೇಲೆ ಕೂಗಾಡಿದೆ. ಹಾಸ್ಟೆಲ್‌ನಲ್ಲಿ ನಮ್ಮ ಮನೇಲಿ ಹಂದಿ ಇದೆ ಅಂತ ಯಾರಿಗೂ ಹೇಳಿರಲಿಲ್ಲ. ಆ ನಾಚಿಕೆಯೆಲ್ಲ ಸಿಟ್ಟಾಗಿ ಬಂತು. "ನಿನ್ನ ಹಂದಿಯಿಂದಲೇ ಅವಳು ಹಿಂಗಾಗಿದ್ದು" ಅಂದೆ. ಅವ್ವ ಒಂದು ಮಾತೂ ಆಡಲಿಲ್ಲ. ಮುಂದಿನ ಸಂತೆ ದಿನ ನಾಲ್ಕೂ ಮಾರಿಬಿಟ್ಟಳು.

ಪಿಟ್ಸು ನಿಲ್ಲಲಿಲ್ಲ. ನಿಂತಿದ್ದು ಮಾತ್ರೆ. ಯಾಕಂದ್ರೆ ಮಾತ್ರೆ ತರ್ತಿದ್ದದ್ದು ಹಂದಿ ದುಡ್ಡಲ್ಲಿ.

2002ರಲ್ಲಿ ತಂಗಿ ಮದುವೆ ಆಯ್ತು. ಆರನೇ ತಿಂಗಳಿಗೆ ಪಿಟ್ಸು ಬಂತು ಅಂತ ವಾಪಸ್ ಕಳಿಸಿದರು. ಮೂರ್ಛೆರೋಗವನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದುಹಾಕಿದ್ದರು, ಆ ನೆಪದಲ್ಲಿ ಮದುವೆ ರದ್ದು ಮಾಡೋ ಹಾಗಿಲ್ಲ. ಕಾನೂನು ದಿಲ್ಲಿಯಲ್ಲಿ ಬದಲಾಗಿತ್ತು, ಆ ಮನೆ ಹೊಸ್ತಿಲಿಗೆ ಬಂದಿರಲಿಲ್ಲ.

2009ರಲ್ಲಿ ಅವಳನ್ನ ಬೆಂಗಳೂರಿಗೆ ಕರ್ಕೊಂಡು ಹೋದೆ. ತಲೆಯ ಸ್ಕ್ಯಾನ್‌ನಲ್ಲಿ ಎರಡು ಬಿಳಿ ಚುಕ್ಕೆ. ಅಲ್ಲಿನ ಡಾಕ್ಟರಮ್ಮ ಚೀಟಿ ಹಿಂದೆ ಪೆನ್ನಲ್ಲಿ ಚಿತ್ರ ಬರೆದು ಹೇಳಿದ್ದನ್ನ ನಿಮಗೂ ಹೇಳ್ತೀನಿ. ದಯವಿಟ್ಟು ನಿಧಾನವಾಗಿ ಓದಿ.

ಇದು ಲಾಡಿಹುಳು. ಹುಳುವಿನ ನೀರ್ಗುಳ್ಳೆ ಇರೋ ಹಂದಿಮಾಂಸವನ್ನ ಸರಿಯಾಗಿ ಬೇಯಿಸದೆ ತಿಂದರೆ, ಮನುಷ್ಯರ ಕರುಳಲ್ಲಿ ಲಾಡಿಹುಳು ಬೆಳೆಯುತ್ತೆ. ಮೀಟರುಗಟ್ಟಲೆ ಉದ್ದ ಆಗುತ್ತೆ. ಹೊತ್ತವರಿಗೆ ಬಹಳ ಸಲ ಗೊತ್ತೂ ಆಗಲ್ಲ. ಅದರ ಮೊಟ್ಟೆಗಳು ಆ ಮನುಷ್ಯನ ಮಲದಲ್ಲಿ ಹೊರಗೆ ಬರ್ತವೆ. ಬಯಲಲ್ಲಿ ಆ ಮಲ ತಿಂದ ಹಂದಿಗೆ ಮೈಯೆಲ್ಲ ನೀರ್ಗುಳ್ಳೆ. ಅದೇ ಮೊಟ್ಟೆ ತೊಳೆಯದ ಕೈಯಿಂದಲೋ, ನೀರಿಂದಲೋ, ಹಸಿ ಸೊಪ್ಪಿಂದಲೋ ಇನ್ನೊಬ್ಬ ಮನುಷ್ಯನ ಹೊಟ್ಟೆಗೆ ಹೋದರೆ, ಮರಿಹುಳು ರಕ್ತದಲ್ಲಿ ಸಾಗಿ ಮಿದುಳಲ್ಲಿ ಕೂರುತ್ತೆ. ಅದೇ ಪಿಟ್ಸು.

ಅಂದ್ರೆ ಹಂದಿಮಾಂಸ ತಿಂದರೆ ಹುಳು ಬರೋದು ಹೊಟ್ಟೆಗೆ. ತಲೆಗೆ ಬರೋದು ಮನುಷ್ಯರ ಮಲದಿಂದ.

ಹೊರಗೆ ಬೆಂಚಲ್ಲಿ ನಮ್ಮ ಪಕ್ಕ ಒಬ್ಬ ತಾಯಿ ಮಗನ ಜೊತೆ ಕೂತಿದ್ದರು. "ನಮ್ಮ ಮನೇಲಿ ಮೊಟ್ಟೇನೂ ಮುಟ್ಟಲ್ಲ, ಇವನಿಗೆ ಹೆಂಗೆ ಬಂತು?" ಅಂತ ಅಳ್ತಿದ್ದರು. ಅವರಿಗೂ ಅದೇ ಬಿಳಿ ಚುಕ್ಕೆ. ಅವರನ್ನ ಯಾರೂ "ಏನ್ ತಿಂತೀರಾ" ಅಂತ ತಲೆ ತಗ್ಗಿಸಿರಲಿಲ್ಲ. 1992ರಲ್ಲಿ ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿಗಳ ಮನೆಗಳಲ್ಲಿ ಇದೇ ಕಾಯಿಲೆ ವರದಿಯಾಯ್ತು. ಹಂದಿಯನ್ನ ಧರ್ಮವೇ ನಿಷೇಧಿಸಿದ ಮನೆಗಳು ಅವು. ಮಡಿ ಈ ಹುಳುವನ್ನ ತಡೆಯಲ್ಲ. ಕಕ್ಕಸು ತಡೆಯುತ್ತೆ.

ಈ ಹುಳುವಿನ ಚರಿತ್ರೆಯಲ್ಲೂ ಬಲಿಯಾದದ್ದು ಯಾರ ಮೈ ನೋಡಿ. 1855ರಲ್ಲಿ ಕುಚೆನ್‌ಮೈಸ್ಟರ್ ಅನ್ನೋ ಜರ್ಮನ್ ವೈದ್ಯ ಗಲ್ಲಿಗೆ ಹೋಗಲಿದ್ದ ಕೈದಿಯೊಬ್ಬನಿಗೆ ಗೊತ್ತಿಲ್ಲದ ಹಾಗೆ ಊಟದಲ್ಲಿ ಹಂದಿಯ ನೀರ್ಗುಳ್ಳೆ ಬೆರೆಸಿಕೊಟ್ಟ. ಅವನು ಸತ್ತ ಮೇಲೆ ಕರುಳು ಬಗೆದು ಹುಳು ಹುಡುಕಿ ತೋರಿಸಿದ. ಆಮೇಲೆ ಇಂಡಿಯಾದಲ್ಲಿದ್ದು ವಾಪಸ್ ಹೋದ ಬ್ರಿಟಿಷ್ ಸೈನಿಕರಿಗೆ ಪಿಟ್ಸು ಬಂದಾಗ ಅವರನ್ನ ವರ್ಷಾನುಗಟ್ಟಲೆ ನೋಡಿಕೊಂಡು, 1961ರಲ್ಲಿ 450 ಜನರ ವರದಿ ಬರೆದರು. ಈ ಹುಳು ಹೆಚ್ಚಿರೋ ಕಡೆ ಮೂರ್ಛೆರೋಗದ ಸುಮಾರು ಶೇ. 30ರಷ್ಟಕ್ಕೆ ಇದೇ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ನಮ್ಮ ಹಟ್ಟಿಗೆ ಲೆಕ್ಕ ಬರಕೊಳ್ಳೋಕೆ ಯಾರು ಬಂದಿದ್ದರು?

ಬೆಂಗಳೂರಿನ ಹೋಟೆಲಲ್ಲಿ ಪಂದಿ ಕರಿ ಅಂದ್ರೆ ಹೆಮ್ಮೆಯ ಊಟ. ನಮ್ಮ ಮಡಕೆಯಲ್ಲಿ ಬೆಂದರೆ ಅದೇ ರೋಗ. ಹಂದಿ ಒಂದೇ, ತಟ್ಟೆ ಬೇರೆ.

ಆದರೆ ಗೆಳೆಯರೇ, ಇಷ್ಟಕ್ಕೇ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದಂಗಾಗುತ್ತೆ. ನಮ್ಮ ಹಂದಿಗಳಲ್ಲಿ ನೀರ್ಗುಳ್ಳೆ ಇರ್ತಿತ್ತು. ಕೊಯ್ದಾಗ ಮಾಂಸದೊಳಗೆ ಬಿಳಿ ಕಾಳು ಥರ ಕಾಣೋದು. ತೆಗೆದು ಬಿಸಾಕಿ ಉಳಿದದ್ದು ಬೇಯಿಸ್ತಿದ್ವಿ. ಕೆಂಡದ ಮೇಲೆ ಅರೆಬೆಂದ ತುಂಡಿಗೆ ಕೈ ಹಾಕ್ತಿದ್ದವನು ನಾನೇ. ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದರು: ಮೊಟ್ಟೆ ಬಹಳ ಸಲ ಬರೋದು ಮನೆಯೊಳಗೇ ಹುಳು ಹೊತ್ತವರಿಂದ. ಅವತ್ತಿಂದ ನನಗೆ ನಿದ್ದೆ ಕಮ್ಮಿ. ಯಾಕಂದ್ರೆ ಆ ಹುಳು ಹೊತ್ತವನು ನಾನೇ ಆಗಿರಬಹುದು. ರಜೆಗೆ ಬಂದಾಗ ಮುದ್ದೆ ಮುರಿದು ತಂಗಿ ಬಾಯಿಗೆ ಇಡ್ತಿದ್ದ ಕೈ ಇದೇ. ಕೂಗಾಡಿದ್ದು ಮಾತ್ರ ಅವ್ವನ ಮೇಲೆ.

ಅದಕ್ಕೇ ಹೇಳೋದು, ನಮ್ಮ ಕೇರಿಗಳಲ್ಲಿ ಇದನ್ನ ನಾವೇ ಮಾತಾಡಬೇಕು. ಬೇರೆಯವರು ಮಾತಾಡಿದರೆ ಅದು ಬೈಗುಳ ಆಗುತ್ತೆ. ಹಂದಿ ಬಿಡಿ ಅಂತ ನಾನು ಹೇಳ್ತಿಲ್ಲ. ಚೆನ್ನಾಗಿ ಬೇಯಿಸಿ, ಒಳಗೆ ಕೆಂಪು ಉಳೀಬಾರದು. ಬಿಳಿ ಗುಳ್ಳೆ ಕಂಡ ಮಾಂಸ ತಿನ್ನಬೇಡಿ, ಮಾರಬೇಡಿ. ಹಂದಿಯನ್ನ ಕಟ್ಟಿ, ಗೂಡಲ್ಲಿ ಸಾಕಿ. ಕೈ ಸೋಪಲ್ಲಿ ತೊಳೀರಿ, ಹಸಿ ಸೊಪ್ಪನ್ನೂ ತೊಳೀರಿ. ಮಲದಲ್ಲಿ ಬಿಳಿ ಲಾಡಿ ತುಂಡು ಕಂಡರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ, ಮಾತ್ರೆ ಇದೆ. ಆದರೆ ಪಿಟ್ಸು ಇರೋರು ಹುಳುವಿನ ಮಾತ್ರೆಯನ್ನ ತಾವೇ ನುಂಗಬೇಡಿ. ತಲೆಯೊಳಗೆ ಹುಳು ಸಾಯುವಾಗ ಬಾವು ಬರುತ್ತೆ, ಪಿಟ್ಸು ಜಾಸ್ತಿ ಆಗಬಹುದು. ಪಿಟ್ಸಿನ ಮಾತ್ರೆಯನ್ನ ಮಧ್ಯದಲ್ಲಿ ನಿಲ್ಲಿಸಬೇಡಿ.

ಸರ್ಕಾರಕ್ಕೂ ಕೇಳೋಣ. 2019ರಲ್ಲಿ ಗ್ರಾಮೀಣ ಭಾರತ ಬಯಲು ಶೌಚಮುಕ್ತ ಅಂತ ಘೋಷಣೆ ಆಯ್ತು. ನಮ್ಮ ಹಟ್ಟಿಯ ಕಕ್ಕಸುಗಳಲ್ಲಿ ನೀರಿಲ್ಲದೆ ಸೌದೆ ತುಂಬಿದೆ. ಹಂದಿಗೆ ಈ ಹುಳು ತಡೆಯೋ ಲಸಿಕೆ ಹೈದರಾಬಾದಿನ ಕಂಪನಿಯಲ್ಲೇ ತಯಾರಾಗುತ್ತೆ. ದನಕ್ಕೆ ಕಾಲುಬಾಯಿ ಜ್ವರದ ಲಸಿಕೆ ಹಾಕೋಕೆ ಮನೆ ಬಾಗಿಲಿಗೆ ಬರೋ ಇಲಾಖೆ, ಹಂದಿ ಲಸಿಕೆ ಹಿಡ್ಕೊಂಡು ನಮ್ಮ ಹಟ್ಟಿಗೆ ಯಾವಾಗ ಬರುತ್ತೆ?

ತಂಗಿಯ ತಲೆಯ ಹುಳು ಸತ್ತು ಎಷ್ಟೋ ವರ್ಷವಾಗಿ ಸುಣ್ಣಗಟ್ಟಿತ್ತು. ಆ ಗಾಯಕ್ಕೆ ದಿನಾ ಮಾತ್ರೆ ಬೇಕಿತ್ತು ಅಷ್ಟೇ. ಈಗ ಹನ್ನೊಂದು ವರ್ಷದಿಂದ ಪಿಟ್ಸು ಬಂದಿಲ್ಲ. ಮನೆ ಹಿಂದೆ ಸಿಮೆಂಟು ನೆಲ ಹಾಕಿಸಿ ಆರು ಹಂದಿ ಸಾಕಿದ್ದಾಳೆ. ಅವಳ ಮಾತ್ರೆಗೆ ಅವಳದೇ ದುಡ್ಡು.

ಅವ್ವ 2014ರಲ್ಲಿ ಹೋದಳು. ನಿನ್ನ ಹಂದಿದು ತಪ್ಪಲ್ಲ ಕಣವ್ವಾ ಅಂತ ಒಂದು ಸಲ ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕೆ ಇಲ್ಲಿ ಬರೆದೆ.

ಜೈ ಭೀಮ್.